ತೋಳೂ ಬೇಕು, ದಮ್ಮೂ ಬೇಕು!

ಕಬ್ಬಿಣ ಎತ್ತುವ ಹುಡುಗರಿಗೂ ರಸ್ತೆ ಓಡುವ ಹುಡುಗರಿಗೂ ಒಂದೇ ಮಾತು

ಟಾಕೀಸಿನ ದೀಪ ಆರಿತು. ನಾಯಕನ ಎಂಟ್ರಿ! ಷರ್ಟಿನ ಗುಂಡಿ ಒಂದೊಂದಾಗಿ ಕಿತ್ತು ಹಾರುತ್ತಿವೆ. ಎದೆ ಅಂದರೆ ಎದೆ, ತೋಳು ಅಂದರೆ ತೋಳು! ಮುಂದಿನ ಸಾಲಿನಿಂದ ಶಿಳ್ಳೆ, ಗಾಳಿಯಲ್ಲಿ ಕಾಗದದ ಚೂರು, "ಬಾಸ್... ಬಾಸ್..." ಎಂಬ ಕೂಗು. ಮರುದಿನ ಬೆಳಿಗ್ಗೆ ಊರಿನ ಜಿಮ್ಮಿನ ಬಾಗಿಲಲ್ಲಿ ಹತ್ತು ಹೊಸ ಮುಖ. ಹೌದೋ ಅಲ್ಲವೋ, ನೀವೇ ಹೇಳಿ!

ತಪ್ಪೇನಿಲ್ಲ ಬಿಡಿ. ಬೆಳ್ಳಿತೆರೆ ನೋಡಿ ಸಿಗರೇಟು ಕಲಿತವರಿದ್ದಾರೆ. ಅದನ್ನೇ ನೋಡಿ ಡಂಬಲ್ ಹಿಡಿದರೆ ಅದು ಒಳ್ಳೆಯ ಬುದ್ಧಿಯೇ. ಆದರೆ ಒಂದು ಪ್ರಶ್ನೆ. ಆ ನಾಯಕ ಷರ್ಟು ಹರಿದುಕೊಂಡು ಸುಮ್ಮನೆ ನಿಲ್ಲುತ್ತಾನೆಯೇ? ಇಲ್ಲ. ಹತ್ತು ಜನರನ್ನು ಹೊಡೆಯುತ್ತಾನೆ, ಗೋಡೆ ಹತ್ತುತ್ತಾನೆ, ಓಡುವ ಲಾರಿ ಹಿಡಿಯುತ್ತಾನೆ, ಆಮೇಲೆ ನಾಯಕಿಯ ಜೊತೆ ಐದು ನಿಮಿಷ ಕುಣಿಯುತ್ತಾನೆ. ಎದೆ ಮತ್ತು ತೋಳು ಷರ್ಟು ಹರಿಯುವ ದೃಶ್ಯಕ್ಕೆ ಸಾಕು. ಮಿಕ್ಕ ಎರಡೂವರೆ ಗಂಟೆಗೆ ಬೇಕಾಗುವುದು ದಮ್ಮು! ಉಸಿರು! ಅದನ್ನು ನೋಡಿ ಶಿಳ್ಳೆ ಹೊಡೆಯುವವರು ಯಾರೂ ಇಲ್ಲ, ಯಾಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ.

ಸಿನಿಮಾ ಪುಟಗಳಿಗೆ ಬರೆಯುತ್ತಾ, ಷೂಟಿಂಗ್ ನೋಡುತ್ತಾ ಬಂದ ನಾನು ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಪರದೆಯ ಮೇಲೆ ಮೂರು ನಿಮಿಷ ಕಾಣುವ ಹೊಡೆದಾಟಕ್ಕೆ ದಿನಗಟ್ಟಲೆ ಕೆಲಸ. ಅದೇ ಏಟು, ಅದೇ ನೆಗೆತ, ಅದೇ ಬೀಳು. "ಒನ್ ಮೋರ್!" ಎಂದು ನಿರ್ದೇಶಕರು ಕೂಗಿದಾಗಲೆಲ್ಲ ಮತ್ತೆ ಮೊದಲಿನಿಂದ. ಕಲ್ಲಿನಂಥ ಮೈಯ ಜಟ್ಟಿ ಮೂರನೇ ಟೇಕಿಗೆ ಮೊಣಕಾಲು ಹಿಡಿದು ಏದುಸಿರು ಬಿಡುತ್ತಾನೆ, ಸಾಧಾರಣ ಮೈಕಟ್ಟಿನ ಫೈಟರ್ ಹುಡುಗ ಹದಿನೈದನೇ ಟೇಕಿಗೂ ನಗುತ್ತಾ ನಿಲ್ಲುತ್ತಾನೆ. ಇದು ನಾನು ಕಣ್ಣಾರೆ ಕಂಡದ್ದು.

ಎರಡು ಪಾರ್ಟಿ, ಒಂದು ಜಗಳ

ನಮ್ಮ ಹುಡುಗರಲ್ಲಿ ಈಗ ಎರಡು ಪಾರ್ಟಿ. ಒಂದು ಕಬ್ಬಿಣದ ಪಾರ್ಟಿ. ಇವರಿಗೆ ಬೆಂಚ್ ಪ್ರೆಸ್ಸೇ ದೇವರು, ಕನ್ನಡಿಯೇ ಗುಡಿ. ಟ್ರೆಡ್‌ಮಿಲ್ ಕಡೆ ತಿರುಗಿಯೂ ನೋಡುವುದಿಲ್ಲ. ಇನ್ನೊಂದು ರಸ್ತೆ ಪಾರ್ಟಿ. ಬೆಳಗಿನ ಜಾವ ಓಟ, ಸೈಕಲ್, ಹಗ್ಗದಾಟ. ಪೊಲೀಸ್ ಸೆಲೆಕ್ಷನ್ನಿಗೋ ಮಿಲಿಟರಿಗೋ ತಯಾರಿ ನಡೆಸುವವರು ಇವರಲ್ಲಿ ಬಹಳ. ಇವರು ಭಾರ ಮುಟ್ಟುವುದಿಲ್ಲ. "ಮೈ ಬಿಗಿದುಕೊಳ್ಳುತ್ತೆ, ಓಟ ಹಾಳಾಗುತ್ತೆ" ಎಂಬ ಭಯ.

ಮೈಸೂರಿನ ಒಂದು ಜಿಮ್ಮಿನಲ್ಲಿ ಒಬ್ಬ ಹುಡುಗನನ್ನು ಮಾತಿಗೆಳೆದೆ. ಕಾಲೇಜು ಓದುತ್ತಾನೆ. ಒಳ್ಳೆ ಭುಜ, ಒಳ್ಳೆ ತೋಳು.

"ಓಡ್ತೀಯೇನಪ್ಪಾ?" ಅಂದೆ.

"ಅಯ್ಯೋ ಇಲ್ಲ ಸಾರ್! ಓಡಿದ್ರೆ ಕಷ್ಟಪಟ್ಟು ಮಾಡಿದ್ ಬಾಡಿ ಕರಗೋಗತ್ತೆ!"

"ಯಾರು ಹೇಳಿದ್ದು?"

"ಎಲ್ರೂ ಹೇಳ್ತಾರೆ ಸಾರ್. ರೀಲ್ಸ್‌ನಲ್ಲೂ ಬರತ್ತೆ."

"ಮೂರು ಮಹಡಿ ಮೆಟ್ಟಿಲು ಹತ್ತಿದ್ರೆ?"

ಹುಡುಗ ನಕ್ಕುಬಿಟ್ಟ. "ಲಿಫ್ಟ್ ಇದೆಯಲ್ಲ ಸಾರ್!"

ಇದೇ ನೋಡಿ ಕಥೆ. ನೂರು ಕಿಲೋ ಎತ್ತುವ ಹುಡುಗನಿಗೆ ತನ್ನದೇ ಎಪ್ಪತ್ತು ಕಿಲೋ ಮೈಯನ್ನು ಮೂರು ಮಹಡಿ ಎತ್ತಲು ಲಿಫ್ಟ್ ಬೇಕು!

ಅಪ್ಪು ಹೋದ ಮೇಲಿನ ಭಯ

ಈ ಜಗಳಕ್ಕೆ ಇನ್ನೊಂದು ಮುಖ ಬಂದದ್ದು 2021ರಲ್ಲಿ. ಅಕ್ಟೋಬರ್ 29, ಶುಕ್ರವಾರ. ಪುನೀತ್ ರಾಜ್‌ಕುಮಾರ್ ಹೋದರು. ವಯಸ್ಸು ಇನ್ನೂ 46. ಆ ಬೆಳಿಗ್ಗೆ ವ್ಯಾಯಾಮದ ಬಳಿಕ ಅಸ್ವಸ್ಥರಾದರು ಎಂಬ ಸುದ್ದಿ ಅರ್ಧ ಗಂಟೆಯಲ್ಲಿ ನಾಡಿಗೆಲ್ಲ ಹರಡಿತು. 1985ರಲ್ಲಿ 'ಬೆಟ್ಟದ ಹೂವು' ಚಿತ್ರದ ಪುಟ್ಟ ಹುಡುಗನಾಗಿ ನಮ್ಮ ಮನೆ ಹೊಕ್ಕವರು, 2002ರಲ್ಲಿ 'ಅಪ್ಪು' ಆಗಿ ನೆಗೆದು ಕುಣಿದವರು, ಬಹಳಷ್ಟು ಸ್ಟಂಟುಗಳನ್ನು ತಾವೇ ಮಾಡುತ್ತಿದ್ದವರು. ಅಂಥವರಿಗೇ ಹೀಗಾದರೆ?

ಆ ವಾರ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿ ನಿಂತರು. ಜಿಮ್ಮುಗಳಲ್ಲಿ ಜನ ಕರಗಿದರು. "ಇನ್ನು ಜಿಮ್ ಪಿಮ್ ಏನೂ ಬೇಡ, ಸುಮ್ಮನೆ ಮನೆಯಲ್ಲಿರು" ಎಂದು ತಾಯಂದಿರು ಮಕ್ಕಳನ್ನು ತಡೆದರು. ತಾಯಿ ಹೃದಯ, ತಪ್ಪು ಹೇಳಲಾರೆ.

ಒಬ್ಬರ ಸಾವಿಗೆ ಇದೇ ಕಾರಣ, ಅದೇ ಕಾರಣ ಎಂದು ಬೀದಿಯಲ್ಲಿ ನಿಂತು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಅದು ವೈದ್ಯರಿಗೆ ಬಿಟ್ಟದ್ದು. ಆದರೆ 'ವ್ಯಾಯಾಮ ಮಾಡಿದರೆ ಹೃದಯಕ್ಕೆ ಅಪಾಯ' ಎಂಬ ಮಾತು ನಿಜವೇ? ಇದಕ್ಕೆ ಉತ್ತರ ಇದೆ. ಅಮೆರಿಕದಲ್ಲಿ 1993ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಹೃದಯಾಘಾತವಾಗಿ ಬದುಕುಳಿದ 1,200ಕ್ಕೂ ಹೆಚ್ಚು ಜನರನ್ನು ಕೇಳಿ ನೋಡಿದ ಲೆಕ್ಕ ಅದು. ಮೈಮುರಿಯುವ ಶ್ರಮದ ನಂತರದ ಒಂದು ಗಂಟೆಯಲ್ಲಿ ಹೃದಯಾಘಾತದ ಸಂಭವ ಏರುವುದು ನಿಜ. ಆದರೆ ಯಾರಿಗೆ ಎಷ್ಟು? ವಾರಕ್ಕೆ ಒಂದು ಸಲವೂ ಸರಿಯಾಗಿ ಮೈ ದಣಿಸದವನಿಗೆ 107 ಪಟ್ಟು! ವಾರಕ್ಕೆ 5 ಸಲ ಅಥವಾ ಹೆಚ್ಚು ಮಾಡುವವನಿಗೆ ಕೇವಲ 2.4 ಪಟ್ಟು!

107 ಎಂದ ಕೂಡಲೇ ಬೆಚ್ಚಬೇಡಿ. ಸುಮ್ಮನೆ ಕೂತಿರುವ ಒಂದು ಗಂಟೆಯಲ್ಲಿ ಆ ಸಂಭವ ಬಹಳ ಬಹಳ ಚಿಕ್ಕದು, ಅದರ ಪಟ್ಟು ಇದು. ಆದರೆ ಪಾಠ ಎಷ್ಟು ಸ್ಪಷ್ಟ ನೋಡಿ. ಕಾಪಾಡುವುದೂ ಅಭ್ಯಾಸವೇ. ಅಪಾಯ ಇರುವುದು ವರ್ಷವೆಲ್ಲ ಸೋಫಾದಲ್ಲಿ ಬಿದ್ದಿದ್ದು, ಒಂದು ಭಾನುವಾರ ಇದ್ದಕ್ಕಿದ್ದಂತೆ ಹೀರೋ ಆಗಲು ಹೊರಟವನಿಗೆ!

ಗರಡಿಯಲ್ಲಿ ಈ ಜಗಳವೇ ಇರಲಿಲ್ಲ

ಬಲ ಬೇರೆ, ದಮ್ಮು ಬೇರೆ ಎಂದು ನಮ್ಮ ಹಿರಿಯರು ಭಾಗ ಮಾಡಿರಲಿಲ್ಲ. ಮೈಸೂರಿನ ಯಾವುದೇ ಹಳೆಯ ಗರಡಿ ಮನೆಗೆ ಹೋಗಿ ನೋಡಿ. ಕೆಮ್ಮಣ್ಣಿನ ಅಖಾಡ, ಮೂಲೆಯಲ್ಲಿ ಗದೆ, ಕಲ್ಲಿನ ಗುಂಡು, ಗೋಡೆಯ ಮೇಲೆ ಹನುಮಂತನ ಪಟ. ಪೈಲ್ವಾನ್ ಬೆಳಿಗ್ಗೆ ಏಳುತ್ತಾನೆ, ಓಡುತ್ತಾನೆ. ಬಂದು ಗುದ್ದಲಿ ಹಿಡಿದು ಅಖಾಡದ ಮಣ್ಣು ಅಗೆಯುತ್ತಾನೆ. ಅದೇ ಒಂದು ದೊಡ್ಡ ವ್ಯಾಯಾಮ! ಆಮೇಲೆ ದಂಡ, ಬಸ್ಕಿ, ಗದೆ ತಿರುಗಿಸುವುದು. ಕೊನೆಗೆ ಜೋಡಿ ಹಿಡಿದು ಕುಸ್ತಿ.

ಒಂದು ನೂರು ದಂಡ ಹೊಡೆದು ನೋಡಿ. ಮೊದಲ ಇಪ್ಪತ್ತು ತೋಳಿಗೆ. ಆಮೇಲಿನದೆಲ್ಲ ಎದೆಗೂಡಿಗೆ, ಉಸಿರಿಗೆ. ಬಸ್ಕಿಯೂ ಹಾಗೆಯೇ. ತೊಡೆ ಕಲ್ಲಾಗುತ್ತದೆ, ಅದರ ಜೊತೆಗೇ ಹೃದಯ ಡೋಲು ಬಾರಿಸುತ್ತದೆ. ಈಗ ಇಂಗ್ಲಿಷಿನಲ್ಲಿ 'ಕಾರ್ಡಿಯೋ' ಅನ್ನುತ್ತಾರಲ್ಲ, ಹೃದಯ ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದದ್ದು ಅದು. ಅದನ್ನೂ ವೆಯ್ಟ್ ಟ್ರೇನಿಂಗನ್ನೂ ಒಂದೇ ಅಂಕಣದಲ್ಲಿ ಕೂರಿಸಿದ್ದು ನಮ್ಮ ಗರಡಿ!

ಕುಸ್ತಿಗೆ ಎರಡೂ ಇಲ್ಲದಿದ್ದರೆ ನಡೆಯುವುದಿಲ್ಲ. ಬಲ ಇದ್ದು ದಮ್ಮಿಲ್ಲದವನು ಮೊದಲ ಐದು ನಿಮಿಷ ಹುಲಿ, ಆಮೇಲೆ ಇಲಿ. ದಮ್ಮಿದ್ದು ಬಲ ಇಲ್ಲದವನನ್ನು ಎದುರಾಳಿ ಎತ್ತಿ ಎಸೆಯುತ್ತಾನೆ. 2019ರ 'ಪೈಲ್ವಾನ್' ಚಿತ್ರದಲ್ಲಿ ಸುದೀಪ್ ಒಂದೇ ಪಾತ್ರದಲ್ಲಿ ಕುಸ್ತಿ, ಬಾಕ್ಸಿಂಗ್ ಎರಡನ್ನೂ ಮಾಡಿದ್ದು ನೆನಪಿದೆಯೇ? ಎರಡೂ ಆಟ ಕೇಳುವುದು ಇದೇ ಜೋಡಿಯನ್ನು.

ಇನ್ನು ಅಣ್ಣಾವ್ರು! 1983ರ 'ಕಾಮನಬಿಲ್ಲು' ಚಿತ್ರದಲ್ಲಿ ಅವರು ಮಾಡಿ ತೋರಿಸಿದ ಯೋಗಾಸನಗಳನ್ನು ಮರೆಯುವುದುಂಟೇ? ಆಗ ಅವರ ವಯಸ್ಸು ಐವತ್ತು ದಾಟಿತ್ತು. ತೋಳು ಉಬ್ಬಿಸಿ ತೋರಿಸಲಿಲ್ಲ. ಉಸಿರು, ಹೊಟ್ಟೆ, ಬೆನ್ನು ಎಲ್ಲವೂ ಹೇಳಿದ ಮಾತು ಕೇಳುತ್ತಿದ್ದವು. ಅದೂ ಒಂದು ಬಲವೇ ಸ್ವಾಮಿ.

ಬ್ರೂಸ್ ಲೀಯ ಗುಟ್ಟು

'ಎಂಟರ್ ದಿ ಡ್ರ್ಯಾಗನ್' 1973ರದು. ಅದರ ಪೋಸ್ಟರ್ ಇಲ್ಲದ ಸಲೂನ್ ಒಂದು ಕಾಲಕ್ಕೆ ನಮ್ಮಲ್ಲಿ ಇರಲಿಲ್ಲ. ಆ ಬ್ರೂಸ್ ಲೀ ಮೈ ಮಾಡಿದ್ದು ಹೇಗೆ? ಬರೀ ಕರಾಟೆ, ಕುಂಗ್‌ಫೂ ಅಂದುಕೊಂಡವರೇ ಹೆಚ್ಚು. ಅವನು ಭಾರ ಎತ್ತುತ್ತಿದ್ದ. ಓಡುತ್ತಿದ್ದ. ಹಗ್ಗ ನೆಗೆಯುತ್ತಿದ್ದ. ನಿಂತ ಸೈಕಲ್ ತುಳಿಯುತ್ತಿದ್ದ. ಅಷ್ಟೇ ಅಲ್ಲ, ನಮ್ಮ ನೆಲದ ಮಹಾಮಲ್ಲ ಗಾಮಾ ಪೈಲ್ವಾನನ ಬಗ್ಗೆ ಓದಿ, ದಂಡ ಬಸ್ಕಿಗಳನ್ನೂ ತನ್ನ ಅಭ್ಯಾಸಕ್ಕೆ ಸೇರಿಸಿಕೊಂಡಿದ್ದ! ಗಾಮಾ ಅಂದರೆ 1910ರಲ್ಲಿ ಲಂಡನ್ನಿಗೆ ಹೋಗಿ ಪರದೇಶದ ಜಟ್ಟಿಗಳನ್ನು ನಡುಗಿಸಿದವನು.

ಅದೇ ಬ್ರೂಸ್ ಲೀಯಿಂದ ಇನ್ನೊಂದು ಪಾಠವೂ ಇದೆ. 1970ರಲ್ಲಿ ಒಂದು ದಿನ ಸರಿಯಾಗಿ ಮೈ ಕಾಯಿಸಿಕೊಳ್ಳದೆ ಹೆಗಲ ಮೇಲೆ ಭಾರ ಹೊತ್ತು ಬಾಗಿದ. ಬೆನ್ನು ಹಿಡಿಯಿತು. ತಿಂಗಳುಗಟ್ಟಲೆ ಹಾಸಿಗೆ. ಅಂಥ ಮಹಾಶೂರನಿಗೇ ವಾರ್ಮ್ ಅಪ್ ಬೇಕಾಗಿತ್ತು, ನಿಮಗೆ ನನಗೆ ಬೇಡವೇ?

1976ರ 'ರಾಕಿ' ನೋಡಿದವರು ಫಿಲಡೆಲ್ಫಿಯಾದ ಮ್ಯೂಸಿಯಂ ಮೆಟ್ಟಿಲು ಮರೆಯಲಾರರು. 72 ಮೆಟ್ಟಿಲು! ಸಿಲ್ವೆಸ್ಟರ್ ಸ್ಟಲೋನ್ ಓಡಿ ಹತ್ತಿ ಎರಡೂ ಕೈ ಎತ್ತುತ್ತಾನೆ. ಆ ದೃಶ್ಯಮಾಲಿಕೆಯಲ್ಲೇ ಒಂಟಿ ಕೈಯ ಪುಷ್ ಅಪ್ ಕೂಡ ಇದೆ. ಬಲ, ದಮ್ಮು, ಎರಡೂ ಒಂದೇ ಹಾಡಿನಲ್ಲಿ ಮುಗಿದುಹೋಗುತ್ತದೆ. ಆದರೆ ಹಾಡಿನಲ್ಲಿ ಮೂರು ನಿಮಿಷ, ಬದುಕಿನಲ್ಲಿ ಆರು ತಿಂಗಳು. ಅಷ್ಟೇ ವ್ಯತ್ಯಾಸ!

ಓಡಿದರೆ ತೋಳು ಕರಗುತ್ತದೆಯೇ?

ಈಗ ಮೈಸೂರಿನ ಹುಡುಗನ ಪ್ರಶ್ನೆಗೆ ಬರೋಣ. ಅವನ ಭಯ ಪೂರ್ತಿ ಸುಳ್ಳಲ್ಲ. ಅದಕ್ಕೊಂದು ಕಥೆ ಇದೆ. ಅಮೆರಿಕದಲ್ಲಿ ರಾಬರ್ಟ್ ಹಿಕ್ಸನ್ ಎಂಬ ವಿಜ್ಞಾನಿ 1980ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ. ಮೂರು ತಂಡ, ಹತ್ತು ವಾರ. ಮೊದಲ ತಂಡಕ್ಕೆ ವಾರಕ್ಕೆ 5 ದಿನ ಬರೀ ಭಾರ. ಎರಡನೆಯದಕ್ಕೆ ವಾರಕ್ಕೆ 6 ದಿನ ಬರೀ ಓಟ ಮತ್ತು ಸೈಕಲ್. ಮೂರನೆಯ ತಂಡಕ್ಕೆ ಎರಡೂ, ಎರಡೂ ಪೂರ್ತಿ!

ಫಲಿತಾಂಶ? ಭಾರದ ತಂಡದ ಕಾಲಿನ ಬಲ ಸುಮಾರು 44 ಪರ್ಸೆಂಟ್ ಏರಿತು. ಎರಡೂ ಮಾಡಿದ ತಂಡದ ಬಲ ಏಳು ವಾರ ಚೆನ್ನಾಗಿಯೇ ಏರಿತು, ಆಮೇಲೆ ನಿಂತಿತು, ಕೊನೆಕೊನೆಗೆ ಇಳಿಯಿತು. ಹತ್ತನೇ ವಾರಕ್ಕೆ ಉಳಿದ ಲಾಭ ಸುಮಾರು 25 ಪರ್ಸೆಂಟ್. ದಮ್ಮು ಮಾತ್ರ ಇಬ್ಬರು ಓಟಗಾರ ತಂಡಗಳಿಗೂ ಒಂದೇ ಸಮ ಏರಿತು.

ನೋಡಿದಿರಾ? "ಓಡಿದ್ರೆ ಬಾಡಿ ಕರಗುತ್ತೆ" ಎಂಬ ಮಾತು ಹುಟ್ಟಿದ ಬೀಜ ಇಲ್ಲಿದೆ. ಆದರೆ ಬೀಜದ ಮೇಲಿನ ಸಿಪ್ಪೆಯನ್ನೂ ನೋಡಬೇಕು. ಆ ಬಡಪಾಯಿಗಳು ವಾರಕ್ಕೆ 5 ದಿನ ಭಾರ, 6 ದಿನ ಬಿರುಸಿನ ಓಟ, ಒಟ್ಟು 11 ಪಾಠ ಮಾಡುತ್ತಿದ್ದರು! ಎತ್ತಿಗೂ ಅಷ್ಟು ದುಡಿಸುವುದಿಲ್ಲ. ಹಾಗಿದ್ದೂ ಏಳು ವಾರ ಬಲ ಏರುತ್ತಲೇ ಇತ್ತು ಎಂಬುದೇ ದೊಡ್ಡದು.

ಆಮೇಲೆ ನಲವತ್ತು ವರ್ಷಗಳಲ್ಲಿ ಇದೇ ವಿಷಯದ ಮೇಲೆ ಎಷ್ಟೋ ಪ್ರಯೋಗಗಳು ನಡೆದವು. ಒಟ್ಟು ಸಾರ ಇಷ್ಟು: ಹದವಾಗಿ ಮಾಡಿದರೆ ಮಾಂಸಖಂಡ ಬೆಳೆಯುವುದಕ್ಕೂ ಬಲ ಏರುವುದಕ್ಕೂ ಓಟ ಅಡ್ಡ ಬರುವುದಿಲ್ಲ. ಸ್ವಲ್ಪ ಪೆಟ್ಟು ಬೀಳುವುದು ಸಿಡಿಲಿನಂಥ ವೇಗದ ಬಲಕ್ಕೆ, ಅಂದರೆ ನೆಗೆತ, ಗಕ್ಕನೆ ಚಿಮ್ಮುವುದು ಇಂಥದ್ದಕ್ಕೆ. ಅದೂ ಮುಖ್ಯವಾಗಿ ಎರಡನ್ನೂ ಒಂದೇ ಹೊತ್ತಿಗೆ ತುರುಕಿದಾಗ.

ಯಾಕೆ ಹೀಗೆ? ಮೈಗೆ ಎರಡು ಆರ್ಡರ್ ಹೋಗುತ್ತವೆ ಎಂದುಕೊಳ್ಳಿ. ಭಾರ ಎತ್ತಿದಾಗ "ಗೋಡೆ ಕಟ್ಟು, ಇಟ್ಟಿಗೆ ಪೇರಿಸು" ಎಂಬ ಆರ್ಡರ್. ಬಹಳ ಹೊತ್ತು ಓಡಿದಾಗ "ಸಾಮಾನು ಮಿಗಿಸು, ಸೌದೆ ಉರಿಸು" ಎಂಬ ಆರ್ಡರ್. ಎರಡೂ ಒಂದೇ ಗಳಿಗೆಯಲ್ಲಿ ಹೋದರೆ ಮೇಸ್ತ್ರಿಗೆ ಗಲಿಬಿಲಿ. ಒಂದು ಬೆಳಿಗ್ಗೆ, ಇನ್ನೊಂದು ಸಂಜೆ ಹೋದರೆ, ಅಥವಾ ದಿನ ಬಿಟ್ಟು ದಿನ ಹೋದರೆ, ಎರಡೂ ಕೆಲಸ ನಡೆಯುತ್ತದೆ. ಜೊತೆಗೆ ಹೊಟ್ಟೆಗೆ ಸರಿಯಾಗಿ ಬಿದ್ದು ನಿದ್ದೆ ಸರಿಯಾಗಿ ಆದರೆ ಮೇಸ್ತ್ರಿಯೂ ಖುಷಿ, ಕೂಲಿಯವರೂ ಖುಷಿ!

ಎದೆಯೊಳಗಿನ ಲೆಕ್ಕ

ಇನ್ನು ರಸ್ತೆ ಪಾರ್ಟಿಯವರಿಗೂ ಕಬ್ಬಿಣದ ಪಾರ್ಟಿಯವರಿಗೂ ಒಂದು ಲೆಕ್ಕ. ಸುಮ್ಮನೆ ಕೂತಾಗ ನಿಮ್ಮ ನಾಡಿ ನಿಮಿಷಕ್ಕೆ 70 ಸಲ ಬಡಿಯುತ್ತದೆ ಎನ್ನಿ. ಕೆಲವು ತಿಂಗಳು ತಪ್ಪದೆ ಓಡಿ, ಸೈಕಲ್ ತುಳಿದು, ಅದು 60ಕ್ಕೆ ಇಳಿಯಿತು ಎನ್ನಿ. ನಿಮಿಷಕ್ಕೆ 10 ಬಡಿತ ಉಳಿತಾಯ. ಗಂಟೆಗೆ 600. ದಿನಕ್ಕೆ 14,400! ಯಾಕೆಂದರೆ ಹೃದಯ ಒಂದೇ ಸಲಕ್ಕೆ ಹೆಚ್ಚು ರಕ್ತ ತಳ್ಳಲು ಕಲಿತಿದೆ. ಈ ಲಾಭವನ್ನು ಡಂಬಲ್ ಅಷ್ಟು ಸುಲಭವಾಗಿ ಕೊಡುವುದಿಲ್ಲ.

ಹಾಗೆಯೇ ಓಟ ಕೊಡದ ಲಾಭವನ್ನು ಭಾರ ಕೊಡುತ್ತದೆ. ಮೂಳೆ ಗಟ್ಟಿಯಾಗುತ್ತದೆ, ಕೀಲಿನ ಸುತ್ತ ಬಿಗಿ ಬರುತ್ತದೆ, ಮಂಡಿ ಮತ್ತು ಸೊಂಟ ಪೆಟ್ಟು ತಡೆಯುತ್ತವೆ. ರಕ್ತದಲ್ಲಿನ ಸಕ್ಕರೆಯನ್ನು ಹೀರುವ ದೊಡ್ಡ ಗೋದಾಮು ಅಂದರೆ ಮಾಂಸಖಂಡವೇ. ಮನೆಯಲ್ಲಿ ಅಪ್ಪನಿಗೋ ಅಜ್ಜಿಗೋ ಸಕ್ಕರೆ ಕಾಯಿಲೆ ಇರುವವರು ಇದನ್ನು ಎರಡು ಸಲ ಓದಿ.

ಆದರೆ ಭಾರ ಎತ್ತುವಾಗ ಒಂದು ಎಚ್ಚರ. ಉಸಿರು ಬಿಗಿ ಹಿಡಿಯಬೇಡಿ! 1985ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಾಡಿ ಬಿಲ್ಡರುಗಳ ರಕ್ತನಾಳಕ್ಕೇ ಸೂಜಿ ಹಾಕಿ, ಲೆಗ್ ಪ್ರೆಸ್ ಮಾಡುವಾಗ ರಕ್ತದೊತ್ತಡ ಅಳೆದರು. ಸಾಮಾನ್ಯವಾಗಿ 120/80 ಇರಬೇಕಾದದ್ದು ಸರಾಸರಿ 320/250ಕ್ಕೆ ಏರಿತ್ತು! ಕೆಲವೇ ಸೆಕೆಂಡು, ನಿಜ. ಆರೋಗ್ಯವಂತ ಹುಡುಗನ ನಾಳಗಳು ತಡೆದುಕೊಳ್ಳುತ್ತವೆ. ಆದರೆ ಬಿಪಿ ಇರುವುದು ಗೊತ್ತೇ ಇಲ್ಲದ ಹುಡುಗ ಹಲ್ಲು ಕಚ್ಚಿ, ಉಸಿರು ಕಟ್ಟಿ, ಗೆಳೆಯರ ಮುಂದೆ ಮೆರೆಯಲು ಹೋದರೆ? ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಇಷ್ಟು ಸಣ್ಣ ವಿಷಯ, ಇಷ್ಟು ದೊಡ್ಡ ರಕ್ಷೆ.

ವಾರದ ಪಟ್ಟಿ: ಕತ್ತರಿಸಿ ಗೋಡೆಗೆ ಅಂಟಿಸಿ!

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ಹೀಗಿದೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಜೋರಾದ ಶ್ರಮ. ಅದರ ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಮಾಂಸಖಂಡಕ್ಕೆ ಕೆಲಸ. ಗಮನಿಸಿ, 'ಅಥವಾ' ಅಲ್ಲ, 'ಜೊತೆಗೆ'!

ಸಾಧಾರಣವೋ ಜೋರೋ ಎಂದು ತಿಳಿಯಲು ಯಂತ್ರ ಬೇಡ. ಮಾತಾಡಲು ಆಗುತ್ತದೆ, ಆದರೆ ಹಾಡಲು ಆಗುವುದಿಲ್ಲ ಅಂದರೆ ಸಾಧಾರಣ. ಒಂದೆರಡು ಪದಕ್ಕೇ ಉಸಿರು ಬೇಕು ಅಂದರೆ ಜೋರು. ನಿಮ್ಮ ನೆಚ್ಚಿನ ಹಾಡಿನ ಪಲ್ಲವಿ ಹೇಳಿ ನೋಡಿಕೊಳ್ಳಿ!

ಇದನ್ನು ಹಿಡಿದು, ಬಲ್ಲವರ ಜೊತೆ ಮಾತಾಡಿ, ಕೆಲಸಕ್ಕೋ ಕಾಲೇಜಿಗೋ ಹೋಗುವ ಹುಡುಗನಿಗೆ ಹೊಂದುವಂತೆ ನಾನು ಕೂಡಿಸಿದ ಪಟ್ಟಿ ಇದು:

ಸೋಮವಾರ: ಭಾರ. ಕೊನೆಗೆ 10 ನಿಮಿಷ ಬಿರುಸು ನಡಿಗೆ.
ಮಂಗಳವಾರ: 40 ನಿಮಿಷ ಬಿರುಸು ನಡಿಗೆ ಅಥವಾ ನಿಧಾನದ ಓಟ.
ಬುಧವಾರ: ಭಾರ. ಕೊನೆಗೆ 10 ನಿಮಿಷ ಬಿರುಸು ನಡಿಗೆ.
ಗುರುವಾರ: 40 ನಿಮಿಷ ಸೈಕಲ್.
ಶುಕ್ರವಾರ: ಭಾರ. ಕೊನೆಗೆ 10 ನಿಮಿಷ ಬಿರುಸು ನಡಿಗೆ.
ಶನಿವಾರ: 25 ನಿಮಿಷ ಜೋರು ಓಟ.
ಭಾನುವಾರ: ರಜಾ. ಮ್ಯಾಟಿನಿ ನೋಡಿ!

ಜೋರು ಓಟದ ಒಂದು ನಿಮಿಷ ಸಾಧಾರಣದ ಎರಡಕ್ಕೆ ಸಮ. ಹಾಗೆ ಕೂಡಿದರೆ 30, 40, 40, 50. ಒಟ್ಟು 160 ನಿಮಿಷ. ಲೆಕ್ಕ ಸರಿಹೋಯಿತಲ್ಲ? ಇವತ್ತೇ ಶುರು ಮಾಡುವವರು ಶನಿವಾರದ ಜೋರು ಓಟವನ್ನು ಮೊದಲ ಒಂದೂವರೆ ತಿಂಗಳು ಕೈಬಿಡಿ. ಅಂದು ನಡೆಯಿರಿ, ಸಾಕು.

ಭಾರದ ದಿನ ಏನು ಮಾಡಬೇಕು? ಬರೀ ತೋಳು, ಬರೀ ಎದೆ ಎಂದು ಕೂರಬೇಡಿ. ತೊಡೆಗೆ ಬಸ್ಕಿ ಅಥವಾ ಸ್ಕ್ವಾಟ್, ಎದೆಗೆ ದಂಡ ಅಥವಾ ಬೆಂಚ್ ಪ್ರೆಸ್, ಬೆನ್ನಿಗೆ ಪುಲ್ ಅಪ್ ಅಥವಾ ಎಳೆಯುವ ಕೆಲಸ, ಭುಜಕ್ಕೆ ತಲೆಯ ಮೇಲೆ ಎತ್ತುವುದು, ಸೊಂಟಕ್ಕೆ ಡೆಡ್ ಲಿಫ್ಟ್. ಒಂದೊಂದಕ್ಕೂ ಮೂರು ಸೆಟ್, ಸೆಟ್ಟಿಗೆ 8ರಿಂದ 12 ಸಲ. "ಇನ್ನೂ ಎರಡು ಸಲ ಎತ್ತಬಲ್ಲೆ" ಅನ್ನಿಸುವಾಗಲೇ ನಿಲ್ಲಿಸಿ. 12 ಸಲ ಸಲೀಸಾದರೆ ಮುಂದಿನ ವಾರ ಸ್ವಲ್ಪ ಭಾರ ಏರಿಸಿ. ಶುರುವಿಗೆ ಐದು ಹತ್ತು ನಿಮಿಷ ಮೈ ಕಾಯಿಸುವುದು ಕಡ್ಡಾಯ. ಬ್ರೂಸ್ ಲೀ ಬೆನ್ನು ನೆನಪಿರಲಿ!

ಎರಡನ್ನೂ ಒಂದೇ ಹೊತ್ತಿಗೆ ಮಾಡಲೇಬೇಕಾದರೆ ಯಾವುದು ಮೊದಲು? ಬಲ ಬೇಕಾದವನಿಗೆ ಭಾರ ಮೊದಲು, ಓಟ ಆಮೇಲೆ. ದಣಿದ ಕಾಲಿನಲ್ಲಿ ಭಾರ ಎತ್ತುವುದು ಪೆಟ್ಟಿಗೆ ದಾರಿ. ಪೊಲೀಸ್ ಓಟಕ್ಕೆ ತಯಾರಾಗುವವನು ಓಟ ಮೊದಲು ಮುಗಿಸಲಿ. ಕಾಲಿಗೆ ಭಾರ ಬಿದ್ದ ಮರುದಿನ ಸೈಕಲ್ ತುಳಿದರೆ ಓಟಕ್ಕಿಂತ ಮೈಗೆ ಹಗುರ.

ಜಿಮ್ಮಿಗೆ ದುಡ್ಡಿಲ್ಲವೇ? ದಂಡ ಬಸ್ಕಿಗೆ ಫೀಸು ಕೇಳುವವರು ಯಾರು! 20 ಲೀಟರ್ ನೀರಿನ ಕ್ಯಾನ್ ತುಂಬಿದರೆ 20 ಕಿಲೋ ದಾಟುತ್ತದೆ. ಹಳೇ ಗೋಣಿಚೀಲಕ್ಕೆ ಮರಳು ತುಂಬಿದರೆ ಬೇಕಾದಷ್ಟು ತೂಕ. ಮೆಟ್ಟಿಲು ಎಲ್ಲ ಊರಿನಲ್ಲೂ ಇದೆ. ಚಾಮುಂಡಿ ಬೆಟ್ಟದಲ್ಲಿ ಸಾವಿರ ಮೆಟ್ಟಿಲೇ ಇವೆ. ತಾಯಿಯ ದರ್ಶನವೂ ಆಯಿತು, ಕಾರ್ಡಿಯೋನೂ ಆಯಿತು!

ಸಿಕ್ಸ್ ಪ್ಯಾಕ್: ಕ್ಯಾಮೆರಾದ ಹಿಂದಿನ ಮಾತು

ಹೊಟ್ಟೆಯ ಮೇಲೆ ಆರು ಗಂಟು ಬೇಕೆಂದು ದಿನಕ್ಕೆ ಮುನ್ನೂರು ಸಿಟ್ ಅಪ್ ಹೊಡೆಯುವವರಿದ್ದಾರೆ. ಹೊಟ್ಟೆ ಬಗ್ಗಿಸಿದರೆ ಹೊಟ್ಟೆಯ ಕೊಬ್ಬೇ ಕರಗುತ್ತದೆ ಎಂಬುದು ಸುಳ್ಳು. ಕೊಬ್ಬು ಕರಗುವುದು ಇಡೀ ಮೈಯಿಂದ, ತಿಂದದ್ದಕ್ಕಿಂತ ಹೆಚ್ಚು ಉರಿಸಿದಾಗ. 60 ಕಿಲೋ ಹುಡುಗ 5 ಕಿಲೋಮೀಟರ್ ಓಡಿದರೆ ಉರಿಯುವುದು ಸುಮಾರು 300 ಕ್ಯಾಲೋರಿ. ಬಂದ ಕೂಡಲೇ ಎರಡು ಪ್ಲೇಟ್ ಬೋಂಡಾ ಹಾಕಿದರೆ ಓಡಿದ್ದೆಲ್ಲ ಎಣ್ಣೆಯಲ್ಲಿ ಹೋಮ!

ಪರದೆಯ ಮೇಲಿನ ಆ ಮೈಗೂ ಒಂದು ಒಳಗುಟ್ಟಿದೆ. ಷರ್ಟು ಬಿಚ್ಚುವ ಷಾಟ್ ಎಂದಿದೆ ಎಂದು ಮೊದಲೇ ಗೊತ್ತಾಗಿ, ಅದಕ್ಕಾಗಿ ತಿಂಗಳುಗಟ್ಟಲೆ ತಯಾರಿ. ಟ್ರೇನರ್ ಬೇರೆ, ಅಡುಗೆಯವನು ಬೇರೆ, ಬೆಳಕು ಬೇರೆ, ಎಣ್ಣೆ ಬೇರೆ. ಷಾಟಿಗೆ ಮುಂಚೆ ನೀರು, ಉಪ್ಪು ಕಡಿಮೆ ಮಾಡಿ ಚರ್ಮ ಬಿಗಿ ಕಾಣುವಂತೆ ಮಾಡುವವರೂ ಚಿತ್ರರಂಗದಲ್ಲಿ ಉಂಟು. 2016ರ 'ದಂಗಲ್' ಚಿತ್ರಕ್ಕೆ ಆಮೀರ್ ಖಾನ್ 97 ಕಿಲೋವರೆಗೆ ದಪ್ಪವಾಗಿ, ಮುದುಕ ತಂದೆಯ ದೃಶ್ಯಗಳನ್ನು ಮುಗಿಸಿ, ಆಮೇಲೆ ತಿಂಗಳುಗಟ್ಟಲೆ ಬೆವರು ಹರಿಸಿ ಯುವ ಪೈಲ್ವಾನನಾದರು. ಅದೇ ಅವರ ಆಗಿನ ಉದ್ಯೋಗ. ಬೆಳಿಗ್ಗೆ ಗ್ಯಾರೇಜಿಗೋ ಅಂಗಡಿಗೋ ಹೋಗಿ ರಾತ್ರಿ ಬರುವ ನೀವು ಒಂದು ತಿಂಗಳಲ್ಲಿ ಅದೇ ಬೇಕೆಂದರೆ, ಕೊನೆಗೆ ಇಂಜೆಕ್ಷನ್ ಮಾರುವವನ ಕೈಗೆ ಸಿಗುತ್ತೀರಿ.

ಈ ಮಾತು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಸ್ಟೀರಾಯ್ಡ್ ತೋಳು ಉಬ್ಬಿಸುತ್ತದೆ, ನಿಜ. ಅದರ ಜೊತೆಗೆ ಹೃದಯದ ಗೋಡೆಯನ್ನೂ ದಪ್ಪ ಮಾಡುತ್ತದೆ, ಕೆಟ್ಟ ಕೊಲೆಸ್ಟರಾಲ್ ಏರಿಸುತ್ತದೆ, ಲಿವರ್ ಕೆಡಿಸುತ್ತದೆ, ಗಂಡಸುತನದ ಬೀಜವನ್ನೇ ಕುಗ್ಗಿಸುತ್ತದೆ. ಗಂಡಸಾಗಲು ಹೋಗಿ ಗಂಡಸುತನ ಕಳೆದುಕೊಳ್ಳುವುದು ಯಾವ ನ್ಯಾಯ?

ಬೇಕಾದದ್ದು ಊಟ. ಮಾಂಸಖಂಡ ಬೆಳೆಸುವವನಿಗೆ ಮೈತೂಕದ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೊಟೀನ್ ಸಾಕು ಎನ್ನುತ್ತಾರೆ ತಜ್ಞರು. 60 ಕಿಲೋ ಹುಡುಗನಿಗೆ 96 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಕಾಲು ಲೀಟರ್ ಹಾಲಿನಲ್ಲಿ 8, ಐವತ್ತು ಗ್ರಾಂ ಕಡಲೇಕಾಯಿ ಬೀಜದಲ್ಲಿ 12. ಕಾಳು, ಬೇಳೆ, ಮೀನು, ಕೋಳಿ ಹೇಗೂ ಇದೆ. ಹುರುಳಿ ಸಾರು, ನೆನೆಸಿದ ಕಡಲೆ ತಿಂದೇ ನಮ್ಮ ಪೈಲ್ವಾನರು ಅಖಾಡ ಆಳಿದ್ದು. ಓಟಕ್ಕೆ ಬೇಕಾದ ಸೌದೆ ರಾಗಿ ಮುದ್ದೆಯಲ್ಲಿ, ಅನ್ನದಲ್ಲಿ ಇದ್ದೇ ಇದೆ. ಡಬ್ಬಿ ಪುಡಿ ಇಲ್ಲದಿದ್ದರೂ ನಡೆಯುತ್ತದೆ ಕಣ್ರೀ!

ಈ ನಾಲ್ಕು ಕಂಡರೆ ಸೆಟ್ ನಿಲ್ಲಿಸಿ

ಎದೆಯಲ್ಲಿ ಒತ್ತಿದಂತೆ, ಹಿಂಡಿದಂತೆ ನೋವು. ಅದು ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುವುದು. ಶ್ರಮಕ್ಕೆ ಮೀರಿದ ಏದುಸಿರು, ತಣ್ಣನೆಯ ಬೆವರು. ತಲೆ ತಿರುಗಿ ಕಣ್ಣು ಕತ್ತಲೆ ಬರುವುದು. ಈ ನಾಲ್ಕರಲ್ಲಿ ಯಾವುದು ಕಂಡರೂ "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿದು ಕೂರಬೇಡಿ. ಕೂಡಲೇ ಆಸ್ಪತ್ರೆ! ಗೆಳೆಯರ ಮುಂದೆ ಮರ್ಯಾದೆ ಹೋಗುತ್ತದೆ ಎಂಬ ಮಾತು ಬೇಡವೇ ಬೇಡ.

ನಮ್ಮ ಸೀಮೆಯವರಿಗೆ ಹೃದಯಾಘಾತ ಬೇರೆ ದೇಶದವರಿಗಿಂತ ಸರಾಸರಿ ಐದಾರು ವರ್ಷ ಮುಂಚೆಯೇ ಬರುತ್ತದೆ. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯದಿಂದ ಹೋದವರಿದ್ದರೆ, ನಿಮಗೆ ಬಿಪಿ, ಸಕ್ಕರೆ, ಸಿಗರೇಟು ಇದ್ದರೆ, ಕಬ್ಬಿಣ ಮುಟ್ಟುವ ಮುಂಚೆ ಒಮ್ಮೆ ಡಾಕ್ಟರ ಮುಖ ನೋಡಿ. ಬಿಪಿ ನೋಡಿಸಲು ಐದು ನಿಮಿಷ ಸಾಕು. ಜ್ವರ ಬಂದ ದಿನ, ನಿದ್ದೆಗೆಟ್ಟ ರಾತ್ರಿಯ ಮರುದಿನ, ಮೈ ಬಿರುಸಿಗೆ ಹಚ್ಚಬೇಡಿ. ಮೈ ಬೆಳೆಯುವುದು ಜಿಮ್ಮಿನಲ್ಲಲ್ಲ, ಹಾಸಿಗೆಯಲ್ಲಿ. ಏಳೆಂಟು ಗಂಟೆ ನಿದ್ದೆ ಅಂದರೆ ಏಳೆಂಟು ಗಂಟೆ! ಸೆಕೆಂಡ್ ಷೋ ದಿನಾ ಬೇಡ, ವಾರಕ್ಕೊಂದು ಸಾಕು.

ಈ ಪತ್ರಿಕೆ ಕೈಯಲ್ಲಿ ಹಿಡಿದು ಬಸ್ಸು ಕಾಯುತ್ತಿರುವ ಗೆಳೆಯರೇ, ನಿಮ್ಮ ನೆಚ್ಚಿನ ನಾಯಕನ ಕಟೌಟಿಗೆ ಹಾಲು ಸುರಿಯುವುದು ನಿಮಗೆ ಬಿಟ್ಟದ್ದು. ಆ ಹಾಲಿನಲ್ಲಿ ಒಂದು ಲೋಟ ನೀವೂ ಕುಡಿಯಿರಿ. ತೋಳಿಗೆ ವಾರಕ್ಕೆ ಮೂರು ದಿನ ಕೊಡಿ, ಉಸಿರಿಗೆ ಮೂರು ದಿನ ಕೊಡಿ, ಮನೆಯವರಿಗೆ ಒಂದು ದಿನ ಕೊಡಿ. ಭಯದಿಂದ ಬಿಡುವುದೂ ಬೇಡ, ಹುಚ್ಚಿನಿಂದ ಹೊಡೆಯುವುದೂ ಬೇಡ. ಬಸ್ಸು ಬಂತೇ? ಓಡಿ ಹತ್ತಿ. ಸೀಟು ಸಿಗದಿದ್ದರೆ ಊರು ಬರುವ ತನಕ ನಿಂತೇ ಹೋಗಿ. ಅದಕ್ಕೂ ತೋಳು ಬೇಕು, ಅದಕ್ಕೂ ದಮ್ಮು ಬೇಕು!